ಕರೆಂಟ್ ಕೊಟ್ಟು ನೆಲದ ಜೀವ ಹೀರುವ ಯಂತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ವಿಡಿಯೋ ಗೇಮಿನ ಯಂತ್ರದ ಬಗ್ಗೆ ಮಾತಾಡುತ್ತೇನೆ. ಗೇಮಿನ ಹೆಸರು ಫೈನಲ್ ಫ್ಯಾಂಟಸಿ ಸೆವೆನ್. ಜಪಾನಿನ ಸ್ಕ್ವೇರ್ ಕಂಪನಿ 1997ರಲ್ಲಿ ಪ್ಲೇಸ್ಟೇಷನ್‌ಗೆ ತಂದ ಆಟ. ಗೇಮ್ ಮುಟ್ಟದ ಹಿರಿಯರೂ ದಯವಿಟ್ಟು ಕೇಳಿ. ಕೋಲಾರ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುವ ಕಥೆ.

ಆಟದ ಖಳ ಶಿನ್ರಾ ಎಂಬ ಕಂಪನಿ. ಅದು ಮಾರುವುದು ಕರೆಂಟು. ಮಿಡ್‌ಗಾರ್ ಎಂಬ ಮಹಾನಗರದಲ್ಲಿ ಅದರ ಎಂಟು ಮಾಕೊ ರಿಯಾಕ್ಟರ್‌ಗಳಿವೆ. ಆ ಲೋಕದ ನೆಲದೊಳಗೆ ಒಂದು ಜೀವಧಾರೆ ಹರಿಯುತ್ತದೆ. ಸತ್ತ ಮನುಷ್ಯ, ಮರ, ಪ್ರಾಣಿ ಎಲ್ಲರ ಜೀವವೂ ಅದಕ್ಕೆ ಸೇರುತ್ತದೆ. ಹೊಸ ಜೀವ ಹುಟ್ಟುವುದೂ ಅಲ್ಲಿಂದಲೇ. ರಿಯಾಕ್ಟರ್ ಅದನ್ನೇ ಹೀರಿ ದೀಪ ಉರಿಸುತ್ತದೆ. ನಗರದ ಸುತ್ತ ನೆಲ ಒಣಗಿ ಬೋಳಾಗಿದೆ. ಕೊಳೆಗೇರಿಯ ಹಳೇ ಚರ್ಚಿನೊಳಗೆ ಹೂ ಅರಳಿದರೆ ಅದೇ ದೊಡ್ಡ ಸಂಗತಿ.

ಖಳನ ಯಂತ್ರ ಅಂದರೆ ಜನ ಹೆದರಿ ಓಡಬೇಕು, ಅಲ್ವಾ? ಇಲ್ಲಿ ಹಾಗಿಲ್ಲ. ಮನೆ ಮನೆಗೂ ಅದರಿಂದ ಬೆಳಕು ಬರುತ್ತದೆ. ಈ ಆಟದಲ್ಲಿ ನನ್ನನ್ನು ತುಂಬಾ ಕಾಡಿದ್ದು ಅದೇ. ನಮ್ಮ ಬೋರ್‌ವೆಲ್‌ಗಳೂ ಹೀಗೇ ಬಂದವು. ಬೆಳೆ ಉಳಿಯಬೇಕಿತ್ತು, ದನಕ್ಕೆ ನೀರು ಬೇಕಿತ್ತು. ಯಾರೂ ಕೆಟ್ಟವರಲ್ಲ. ಆದರೂ ಮಳೆಯಿಂದ ಇಂಗಿದ್ದಕ್ಕಿಂತ ಜಾಸ್ತಿ ಎತ್ತಿದೆವು. ನೀರು ಸಾವಿರ ಅಡಿ ದಾಟಿ ಕೆಳಗಿಳಿಯಿತು.

ಬ್ಯಾರೆಟ್ ಎಂಬವನ ಕಥೆಯನ್ನಂತೂ ಹೇಳಲೇಬೇಕು. ಆಟದ ಶುರುವಿನಲ್ಲೇ ಒಂದನೇ ರಿಯಾಕ್ಟರ್‌ಗೆ ಬಾಂಬ್ ಇಡುವ ತಂಡದ ನಾಯಕ ಅವನು. ಹುಟ್ಟೂರು ಕೊರೆಲ್, ಕಲ್ಲಿದ್ದಲು ಗಣಿಯ ಊರು. ಅಲ್ಲಿ ರಿಯಾಕ್ಟರ್ ಬೇಡ ಎಂದವನು ಅವನ ಗೆಳೆಯ ಡೈನ್ ಒಬ್ಬನೇ. ಈಗ ಕಲ್ಲಿದ್ದಲು ಯಾರಿಗೆ ಬೇಕು, ಕಂಪನಿ ನಮ್ಮನ್ನು ನೋಡಿಕೊಳ್ಳುತ್ತದೆ ಎಂದು ವಾದ ಮಾಡಿದವನು ಇದೇ ಬ್ಯಾರೆಟ್. ಮುಂದೆ ರಿಯಾಕ್ಟರ್ ಸಿಡಿಯಿತು. ಶಿನ್ರಾ ತಪ್ಪನ್ನು ಊರಿನವರ ತಲೆಗೆ ಕಟ್ಟಿ ಊರನ್ನೇ ಸುಟ್ಟಿತು. ಬ್ಯಾರೆಟ್‌ನ ಹೆಂಡತಿ ಸತ್ತಳು, ಅವನ ಬಲಗೈ ಹೋಯಿತು. ಡೈನ್‌ನ ಪುಟ್ಟ ಮಗಳನ್ನು ಬ್ಯಾರೆಟ್ಟೇ ಸಾಕಿದ. ಅವನ ಸಿಟ್ಟಿನಲ್ಲಿ ಅರ್ಧ ಪಾಲು ತನ್ನ ಮೇಲೆಯೇ ಇದೆ. ಶಿನ್ರಾದ ಯಾವ ದೊಡ್ಡ ಖಳನಿಗಿಂತಲೂ ಈ ಮನುಷ್ಯನೇ ಆಟದ ನಿಜವಾದ ತೂಕ ಎಂದು ನನಗೆ ಅನಿಸುತ್ತದೆ.

ಗಣಿಯ ಊರಿನ ಪಾಡು ಕೆಜಿಎಫ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಆ ಗಣಿಗೆ ಬಂತು. ಬೆಂಗಳೂರಿನ ಬೀದಿ ದೀಪಕ್ಕೆ ಬಂದದ್ದು 1905ರಲ್ಲಿ. ಭೂಮಿಯನ್ನು 3 ಕಿಲೋಮೀಟರಿಗೂ ಆಳಕ್ಕೆ ಅಗೆದು ಚಿನ್ನ ತೆಗೆದರು. 2001ರಲ್ಲಿ ಗಣಿ ಮುಚ್ಚಿತು. ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು.

ಈ ಗೇಮ್ ಆಡುವ ಹುಡುಗರು, ಹುಡುಗಿಯರಿಗೆ ಒಂದು ಮಾತು. ಕೊರೆಲ್ ಬಂದಾಗ ಸುಮ್ನೆ ಬಟನ್ ಒತ್ತಿ ಮುಂದೆ ಹೋಗಬೇಡಿ. ಬ್ಯಾರೆಟ್ ಹೇಳುವುದನ್ನು ಪೂರ್ತಿ ಓದಿ. ಮನೆಯಲ್ಲಿ ಗಣಿಗೆ ಇಳಿದಿದ್ದ ತಾತ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಅವರಿಗೂ ಓದಿ ಹೇಳಿ. ಅವರ ಹತ್ತಿರ ಹೇಳುವುದಕ್ಕೆ ಬೇಕಾದಷ್ಟು ಇರುತ್ತದೆ.

ನಮಸ್ಕಾರ.