ಕೆನ್ನೀರಿನ ಮಣ್ಣು, ಅದಕ್ಕೆ ಅಂಟಿದ ಪಾದರಸ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಗಾಜಿನ ಜಾಡಿ ಇಟ್ಟಿದ್ದೇನೆ. ಎರಡರಲ್ಲೂ ಒಂದೇ ನೀರು. ಬೆಳಿಗ್ಗೆ ಹರಿಹರದಲ್ಲಿ ತುಂಗಭದ್ರೆಯಿಂದ ತುಂಬಿಸಿಕೊಂಡು ಬಂದೆ. ಆಷಾಢದ ಹೊಸ ನೀರು, ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಬಲಗಡೆಯ ಜಾಡಿಗೆ ಈಗ ಒಂದು ಚಿಟಿಕೆ ಪಟಿಕದ ಪುಡಿ ಹಾಕಿ ಕಲಕುತ್ತೇನೆ. ಎಡಗಡೆಯದು ಹಾಗೇ ಇರಲಿ. ಆಮೇಲೆ ನೋಡೋಣ.

ಪಾದರಸ ಅಂದರೆ ನಮಗೆ ನೆನಪಾಗುವುದು ಒಡೆದ ಥರ್ಮಾಮೀಟರಿನಿಂದ ನೆಲದ ಮೇಲೆ ಉರುಳುವ ಬೆಳ್ಳಿ ಹನಿ. ಹೊಳೆಗೆ ಸೇರುವ ಪಾದರಸ ಹಾಗೆ ಕಾಣುವುದಿಲ್ಲ. ಕಲ್ಲಿದ್ದಲು ಸುಟ್ಟ ಹೊಗೆಯಲ್ಲಿ ಹೋಗಿ ಮಳೆಯಲ್ಲಿ ಇಳಿಯುತ್ತದೆ. ತಿಪ್ಪೆಗೆ ಎಸೆದ ಟ್ಯೂಬ್‌ಲೈಟಿನಿಂದ, ಕೆಲವು ಕಾರ್ಖಾನೆಗಳ ನೀರಿನಿಂದ ಬರುತ್ತದೆ. ಪ್ರಮಾಣ ತೀರಾ ಸಣ್ಣದು. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ಇರುವ ಮಿತಿಯೇ ಲೀಟರಿಗೆ 0.001 ಮಿಲಿಗ್ರಾಂ. ಹೀಗೆ ಬಂದ ಪಾದರಸ ನೀರಿನಲ್ಲಿ ಒಂಟಿಯಾಗಿ ತಿರುಗುವುದು ಕಡಿಮೆ. ತೇಲುವ ಮಣ್ಣಿನ ಕಣ ಸಿಕ್ಕರೆ ಅದಕ್ಕೆ ಅಂಟಿಕೊಳ್ಳುತ್ತದೆ.

ಯಾಕೆ ಅಂಟಿಕೊಳ್ಳುತ್ತದೆ? ದಾವಣಗೆರೆಯವರಿಗೆ ಮಂಡಕ್ಕಿ ಇಟ್ಟುಕೊಂಡೇ ಹೇಳಬಹುದು. ಒಣ ಮಂಡಕ್ಕಿ ಮೇಲೆ ಸುಮ್ನೆ ಖಾರದಪುಡಿ ಉದುರಿಸಿದರೆ ಅದು ಪಾತ್ರೆಯ ತಳಕ್ಕೆ ಜಾರುತ್ತದೆ. ಎಣ್ಣೆ ಸವರಿದ ಮಂಡಕ್ಕಿಗೆ ಹಾಕಿ, ಒಂದೊಂದು ಕಾಳಿಗೂ ಹತ್ತಿಕೊಳ್ಳುತ್ತದೆ. ಹೊಳೆಯ ಮಣ್ಣಿನ ಕಣಕ್ಕೂ ಇಂಥದೇ ಒಂದು ಲೇಪ ಇರುತ್ತದೆ. ಕೊಳೆತ ಎಲೆ, ಸತ್ತ ಪಾಚಿ, ಬ್ಯಾಕ್ಟೀರಿಯಾದ ಲೋಳೆ, ಜೊತೆಗೆ ಕಬ್ಬಿಣದ ತುಕ್ಕು. ಕೊಳೆತ ಎಲೆಯಲ್ಲಿ ಗಂಧಕ ಇರುತ್ತದೆ. ಪಾದರಸಕ್ಕೆ ಗಂಧಕ ಕಂಡರೆ ಬಿಡದ ನಂಟು. ಎಣ್ಣೆಗೆ ಖಾರ ಹತ್ತಿದ್ದು ಕೊಡವಿದರೆ ಉದುರೀತು, ಇದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಕಣ ಸಣ್ಣದಾದಷ್ಟೂ ಅಂಟಲು ಜಾಗ ಜಾಸ್ತಿ. ಒಂದು ಸೆಂಟಿಮೀಟರ್ ಅಳತೆಯ ಮಣ್ಣಿನ ಘನ ತಗೊಳ್ಳಿ. ಅದರ ಆರು ಮುಖ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮೈಕ್ರಾನಿನ ಚೂರುಗಳಾಗಿ ಕತ್ತರಿಸಿದರೆ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ಎಲ್ಲಾ ಮೈ ಸೇರಿ 6 ಚದರ ಮೀಟರ್ ಆಗುತ್ತದೆ. ಒಂದು ಪುಟ್ಟ ಕೋಣೆಯ ನೆಲದಷ್ಟು! ಹೊಲದಿಂದ ಕೊಚ್ಚಿ ಬರುವ ಜೇಡಿಮಣ್ಣು ಇದೇ ಅಳತೆಯದು.

ಇನ್ನೊಂದು ಲೆಕ್ಕ ಹೇಳುತ್ತೇನೆ, ನನಗೆ ಇದು ತುಂಬಾ ಮುಖ್ಯ. ಒಂದು ಕಿಲೋ ತೇಲುವ ಮಣ್ಣು ಹಿಡಿದಿಡುವ ಪಾದರಸ, ಸುಮಾರು 1 ಲಕ್ಷ ಲೀಟರ್ ನೀರಿನಲ್ಲಿ ಕರಗಿರುವಷ್ಟು. ನೀರಿನಿಂದ ನೀರಿಗೆ ಇದು ಹತ್ತು ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ಎಲೆಯ ಕಷಾಯ ನೀರಿನಲ್ಲೇ ಕರಗಿದ್ದರೆ ಅದೂ ಪಾದರಸವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದಕ್ಕೆ. ಈ 1 ಲಕ್ಷವನ್ನೇ ಹಿಡಿದರೆ, ಲೀಟರಿಗೆ 10 ಮಿಲಿಗ್ರಾಂ ಮಣ್ಣಿರುವ ತಿಳಿನೀರಿನಲ್ಲಿ ಅರ್ಧ ಪಾದರಸ ಕಣದ ಮೇಲೆ, ಅರ್ಧ ನೀರಿನಲ್ಲಿ. ಮಳೆ ಬಿದ್ದು 100 ಮಿಲಿಗ್ರಾಂ ಆಯಿತು ಅನ್ನಿ, ನೂರರಲ್ಲಿ ತೊಂಬತ್ತು ಪಾಲು ಕಣದ ಮೇಲೆ.

ವಿದ್ಯಾರ್ಥಿಯಾಗಿದ್ದಾಗ ನಾನು ಇಲ್ಲೇ ತಪ್ಪು ಮಾಡಿದ್ದೆ. ಮಳೆಗಾಲದ ಹಳ್ಳದ ನೀರು ತಂದು, ಬಾಟಲಿಯನ್ನು ರಾತ್ರಿಯೆಲ್ಲಾ ಇಟ್ಟು, ಬೆಳಿಗ್ಗೆ ಮೇಲಿನ ತಿಳಿನೀರನ್ನಷ್ಟೇ ಬಗ್ಗಿಸಿ ಪರೀಕ್ಷೆಗೆ ಕೊಟ್ಟೆ. ಪಾದರಸ ಇಲ್ಲವೇ ಇಲ್ಲ ಅನ್ನುವ ಹಾಗೆ ಫಲಿತಾಂಶ ಬಂತು. ನಮ್ಮ ಮೇಷ್ಟ್ರು ಬಾಟಲಿಯ ತಳ ತೋರಿಸಿ, 'ಇದನ್ನು ಯಾರು ಅಳೆಯಬೇಕು?' ಅಂದರು. ಅಂದಿನಿಂದ ನೀರಿನ ವರದಿ ಕೈಗೆ ಬಂದರೆ ಮೊದಲು ಕೇಳುವುದು ಒಂದೇ: ಸೋಸಿ ಅಳೆದದ್ದಾ, ಸೋಸದೆ ಅಳೆದದ್ದಾ? ಎರಡೂ ಬೇಕು.

ಮಣ್ಣು ಹಿಡಿದುಕೊಂಡಿತು, ತಳಕ್ಕೆ ಹೋಯಿತು, ಒಳ್ಳೆಯದೇ ಆಯಿತಲ್ವಾ ಅನ್ನಿಸಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ಕೆರೆಯ ತಳದಲ್ಲಿ ಗಾಳಿ ಆಡುವುದಿಲ್ಲ. ಆಮ್ಲಜನಕ ಮುಗಿದಾಗ ಕಣದ ಮೇಲಿನ ತುಕ್ಕು ಕರಗುತ್ತದೆ, ಅದಕ್ಕೆ ಅಂಟಿದ್ದು ಬಿಡುಗಡೆಯಾಗುತ್ತದೆ. ಅಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ, ಅಂದರೆ ಜೀವಿಗಳ ಮೈಗೆ ಸುಲಭವಾಗಿ ಸೇರುವ ರೂಪ. ಇದು ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಕೊರವದಂಥ ಬೇಟೆ ಮೀನಿಗೆ, ಅಲ್ಲಿಂದ ನಮ್ಮ ತಟ್ಟೆಗೆ ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಮೈಯಲ್ಲಿ ಅದರ ಪ್ರಮಾಣ ಏರುತ್ತಾ ಬರುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಇದರಿಂದ ದೊಡ್ಡ ಅಪಾಯ.

ಕೆನಡಾದ ವಾಬಿಗೂನ್ ನದಿಗೆ 1962ರಿಂದ 1970ರವರೆಗೆ ಒಂದು ಕಾರ್ಖಾನೆ ಸುಮಾರು 9 ಟನ್ ಪಾದರಸ ಬಿಟ್ಟಿತು. ಬಿಡುವುದು ನಿಂತು ಐವತ್ತು ವರ್ಷ ದಾಟಿದೆ. ಹೊಳೆಯ ಕೆಳಗಿನ ಮೂಲನಿವಾಸಿಗಳ ಊರಲ್ಲಿ ಮೀನಿನಲ್ಲಿ ಇನ್ನೂ ಪಾದರಸ ಇದೆ. ಹೂಳು ಅದನ್ನು ಮರೆತಿಲ್ಲ.

ನಮ್ಮ ಸೂಳೆಕೆರೆಯಲ್ಲಿ ಪಾದರಸ ಇದೆ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಬೇಸಿಗೆಯಲ್ಲಿ ಕೆರೆಗಳ ಹೂಳು ಟ್ರ್ಯಾಕ್ಟರಿನಲ್ಲಿ ಅಡಿಕೆ ತೋಟಕ್ಕೆ ಹೋಗುತ್ತದೆ, ಅದು ಒಳ್ಳೆಯ ಪದ್ಧತಿ. ಊರಿನ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆ ಆಗಿದ್ದರೆ ಮಾತ್ರ ಮೊದಲು ಒಂದು ಹಿಡಿ ಹೂಳು ಪರೀಕ್ಷೆಗೆ ಹೋಗಲಿ. ಮನೆಯಲ್ಲಿ ಥರ್ಮಾಮೀಟರ್ ಒಡೆದರೆ ಹನಿಗಳನ್ನು ಗಟ್ಟಿ ಕಾಗದದಲ್ಲಿ ಒತ್ತರಿಸಿ ಮುಚ್ಚಳದ ಬಾಟಲಿಗೆ ಹಾಕಿ. ಬಚ್ಚಲಿಗೆ ಬಿಡಬೇಡಿ, ಪೊರಕೆ ಮುಟ್ಟಿಸಬೇಡಿ. ಇನ್ನೊಂದು ಮಾತು, ನೀರು ಕುದಿಸಿದರೆ ಪಾದರಸದ ಅಪಾಯ ಹೋಗುವುದಿಲ್ಲ.

ಈಗ ಜಾಡಿ ನೋಡಿ. ಎಡಗಡೆಯದು ಇನ್ನೂ ಕೆಂಪಗೇ ಇದೆ. ಒಂದು ಮೈಕ್ರಾನಿನ ಕಣ ಅಲುಗದ ನೀರಿನಲ್ಲಿ 8 ಸೆಂಟಿಮೀಟರ್ ಇಳಿಯಲು ಇಡೀ ಒಂದು ದಿನ ಬೇಕು. ಹರಿಯುವ ಹೊಳೆಯಲ್ಲಿ ಅದು ಇಳಿಯುವುದೇ ಇಲ್ಲ, ಊರೂರು ದಾಟಿ ಹೋಗುತ್ತದೆ. ಬಲಗಡೆಯದರಲ್ಲಿ ಪಟಿಕ ಕಣಗಳನ್ನು ಒಂದಕ್ಕೊಂದು ಗಂಟು ಹಾಕಿತು. ಮೇಲೆ ತಿಳಿಯಾಗಿದೆ, ಕೆಳಗೆ ಬೆರಳು ದಪ್ಪ ಗಸಿ. ಊರಿನ ನೀರು ಶುದ್ಧ ಮಾಡುವ ಘಟಕದಲ್ಲೂ ಆಗುವುದು ಇದೇ. ನೀರಿನಲ್ಲಿ ಪಾದರಸ ಇದ್ದಿದ್ದರೆ ಅದರ ಬಹುಪಾಲು ಈಗ ಈ ಗಸಿಯಲ್ಲಿ ಕೂತಿರುತ್ತಿತ್ತು. ಘಟಕದ ಗಸಿಯನ್ನು ಎಲ್ಲಿಗೆ ಸಾಗಿಸುತ್ತಾರೆ, ಮತ್ತೆ ಹಳ್ಳಕ್ಕೇ ಬಿಡುತ್ತಾರಾ? ನಿಮ್ಮ ವಾರ್ಡಿನ ಸಭೆಯಲ್ಲಿ ಕೇಳಿ. ಹತ್ತಿರ ಬಂದು ನೋಡುವವರು ಬನ್ನಿ, ಜಾಡಿ ಮಾತ್ರ ಅಲುಗಿಸಬೇಡಿ.