ನಮ್ಮ ಜಿಲ್ಲೆಯವರು ಪ್ರಧಾನಿಯಾದ ದಿನ

ಕೇಳುಗರಿಗೆಲ್ಲ ನಮಸ್ಕಾರ.

ದೆಹಲಿಯಲ್ಲಿ ಹೊಸ ಪ್ರಧಾನಿ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ ಅಂದರೆ ನಾನು ಕೆಲಸ ಬಿಟ್ಟು ಟಿವಿ ಮುಂದೆ ಕೂರುವವನು. ಪಕ್ಷ ಯಾವುದಾದರೂ ಸರಿ. ಆದರೆ ಹಾಸನದವರಿಗೆ ಒಂದು ಪ್ರಮಾಣವಚನ ಮಾತ್ರ ಬೇರೆ ಲೆಕ್ಕ. 1996ರ ಜೂನ್ 1, ಶನಿವಾರ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಅವರ ಎದುರು ನಿಂತ ದಿನ. ಕನ್ನಡಿಗರೊಬ್ಬರು ಆ ಕುರ್ಚಿಗೆ ಬಂದದ್ದು ಅದೇ ಮೊದಲು. ಇವತ್ತಿನವರೆಗೆ ಅದೇ ಕೊನೆ ಕೂಡ.

ಅದಕ್ಕೆ ಮುಂಚಿನ ಎರಡು ವಾರ ಯಾರಿಗೂ ನಿದ್ದೆ ಇರಲಿಲ್ಲ ಅಂದರೆ ಜಾಸ್ತಿ ಆಗಲಾರದು. ಮೇ 16ಕ್ಕೆ ವಾಜಪೇಯಿ ಅವರು ಪ್ರಧಾನಿಯಾದರು. ಹದಿಮೂರೇ ದಿನ. ವಿಶ್ವಾಸಮತದ ಚರ್ಚೆಯನ್ನು ದೂರದರ್ಶನ ನೇರವಾಗಿ ತೋರಿಸಿತು. ಅವರು ಮತಕ್ಕೆ ಹಾಕಿಸದೆ ರಾಜೀನಾಮೆ ಕೊಡಲು ಹೊರಟೇಬಿಟ್ಟರು. ಆಮೇಲೆ ವಿ.ಪಿ. ಸಿಂಗ್ ಅವರನ್ನು ಕೇಳಿದರೆ ಅವರು ಬೇಡ ಅಂದರು. ಜ್ಯೋತಿ ಬಸು ಅವರ ವಿಷಯದಲ್ಲಿ ಅವರ ಪಕ್ಷವೇ ಬೇಡ ಅಂದಿತು. ಹಾಗೆ ಸುತ್ತಿ ಬಳಸಿ ಹೆಸರು ನಮ್ಮ ಗೌಡ್ರ ಹತ್ತಿರ ಬಂದು ನಿಂತಿತು. ಹದಿಮೂರು ಪಕ್ಷಗಳ ಸಂಯುಕ್ತ ರಂಗ, ಅದಕ್ಕೆ ಕಾಂಗ್ರೆಸ್‌ನ ಹೊರಗಿನ ಬೆಂಬಲ. ನಮ್ಮ ಮನೆಯ ಹಿರಿಯರೊಬ್ಬರು ಅವತ್ತೇ ಅಂದಿದ್ದರು: "ಇದು ಬಾಡಿಗೆ ಮನೆ ಕಣಪ್ಪ. ಓನರ್ ಯಾವಾಗ ಖಾಲಿ ಮಾಡು ಅಂತಾನೋ!" ಖುಷಿಯ ಹೊತ್ತಿನಲ್ಲಿ ಇದೆಂಥ ಅಪಶಕುನ ಅಂತ ಎಲ್ಲರೂ ಅವರ ಬಾಯಿ ಮುಚ್ಚಿಸಿದೆವು.

ಆಲೂಗಡ್ಡೆ ಬಿತ್ತನೆಯ ಕಾಲ ಅದು. ಆದರೂ ಹೊಲ ಬಿಟ್ಟು ಜನ ಟಿವಿ ಇದ್ದ ಮನೆಗಳಿಗೆ ಬಂದಿದ್ದರು. ಇದರಲ್ಲೊಂದು ತಮಾಷೆ ಇದೆ. ದೆಹಲಿಯ ಆ ಚಿತ್ರ ಆಕಾಶಕ್ಕೆ ಹೋಗಿ ನಮ್ಮ ಮನೆಗೆ ಇಳಿಯುತ್ತಿದ್ದದ್ದು ಇನ್ಸಾಟ್ ಉಪಗ್ರಹದಿಂದ. ಆ ಉಪಗ್ರಹಗಳು ಜಾಗ ಬಿಟ್ಟು ಅಲುಗದಂತೆ ಹಗಲು ರಾತ್ರಿ ಕಾಯುತ್ತಿದ್ದದ್ದು 1982ರಿಂದ ನಮ್ಮ ಹಾಸನದಲ್ಲೇ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ನಮ್ಮೂರಿನವರನ್ನು ಇಡೀ ದೇಶಕ್ಕೆ ತೋರಿಸುವ ಕೆಲಸದಲ್ಲೂ ನಮ್ಮೂರಿನ ಪಾಲು ಇತ್ತು ಅಲ್ವಾ!

ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಕಂಟ್ರಾಕ್ಟು ಕೆಲಸ ಮಾಡಿಕೊಂಡಿದ್ದು, 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದವರು ಅವರು. ಅವತ್ತು ಎನ್.ಆರ್. ಸರ್ಕಲ್‌ನಲ್ಲಿ ಯಾರನ್ನು ಮಾತಾಡಿಸಿದರೂ ಅವರ ಕ್ಲಾಸ್‌ಮೇಟೇ, ಇಲ್ಲ ನೆಂಟರೇ! ಇಷ್ಟೊಂದು ಜನ ಒಂದೇ ಕ್ಲಾಸಿನಲ್ಲಿ ಹೇಗೆ ಹಿಡಿಸಿದರು ಅಂತ ನಾನು ಕೇಳಲಿಲ್ಲ.

ಪಟಾಕಿ ಗದ್ದಲದಲ್ಲಿ ಪ್ರಮಾಣವಚನದ ಮಾತುಗಳನ್ನು ಕೇಳಿದವರು ಕಮ್ಮಿ. ನಾನು ಆಮೇಲೆ ಸಂವಿಧಾನದ ಮೂರನೇ ಅನುಸೂಚಿ ತೆಗೆದು ಓದಿದೆ. ಚಿಕ್ಕದು. ಎರಡು ಭಾಗ. ಮೊದಲನೆಯದು ಅಧಿಕಾರದ ಪ್ರಮಾಣ. ಭಯ ಇಲ್ಲದೆ, ಪಕ್ಷಪಾತ ಇಲ್ಲದೆ, ರಾಗದ್ವೇಷ ಇಲ್ಲದೆ ಎಲ್ಲ ಜನರಿಗೂ ಸರಿಯಾಗಿ ನಡೆದುಕೊಳ್ಳುತ್ತೇನೆ ಅನ್ನುವ ಮಾತು ಅದರಲ್ಲಿದೆ. ಎರಡನೆಯದು ಗೋಪ್ಯತೆಯ ಪ್ರಮಾಣ. ಮಂತ್ರಿಯಾಗಿ ತಿಳಿದದ್ದನ್ನು, ಕೆಲಸಕ್ಕೆ ಅಗತ್ಯವಿದ್ದರೆ ಹೊರತು, ಯಾರಿಗೂ ಹೇಳುವುದಿಲ್ಲ ಅಂತ.

ಆ 'ಎಲ್ಲ ಜನ' ಅನ್ನುವುದರ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ಯಾಕೆಂದರೆ ಅವರು ಆ ಮಾತು ಮುಗಿಸುವಷ್ಟರಲ್ಲಿ ನಮ್ಮ ಜಗಲಿಯಲ್ಲಿ ಪಟ್ಟಿ ತಯಾರಾಗಿತ್ತು. ಹಾಸನಕ್ಕೆ ಅದು ಬರಬೇಕು, ಇದು ಬರಬೇಕು. ಒಬ್ಬರಂತೂ ತಮ್ಮ ತೋಟದ ದಾರಿಯನ್ನೂ ಸೇರಿಸಿದರು. ಕಾಗದದ ಲೆಕ್ಕದಲ್ಲಿ ನೋಡಿದರೆ ಅವರು ಆಗ ಹಾಸನದ ಪ್ರತಿನಿಧಿ ಕೂಡ ಅಲ್ಲ, ರಾಮನಗರದ ಶಾಸಕರು. ಸಂಸತ್ತಿನ ಸದಸ್ಯರೇ ಆಗಿರಲಿಲ್ಲ. ಆರು ತಿಂಗಳ ಅವಕಾಶ ಇತ್ತು, ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಗೆ ಹೋದರು. ನಮಗೆ ಅದೆಲ್ಲ ಯಾಕೆ? ನಮ್ಮವರು, ಅಷ್ಟೇ.

ಪಟ್ಟಿಯ ಮೇಲ್ಭಾಗದಲ್ಲಿ ರೈಲು ಇತ್ತು. ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಅರಸೀಕೆರೆ ಸುತ್ತಿ ಹೋಗಬೇಕಿತ್ತು. 1996-97ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ನೇರ ಹಾದಿಗೆ ಮಂಜೂರಾತಿ ಸಿಕ್ಕಿತು. ಆಹಾ, ಇನ್ನೇನು ಬಂತು ಅಂದುಕೊಂಡೆವು. ಆ ಹಾದಿ ಪೂರ್ತಿಯಾಗಿ ರೈಲು ಓಡಿದ್ದು 2017ರ ಮಾರ್ಚ್ 26ಕ್ಕೆ. ಅವತ್ತು ಪಟ್ಟಿ ಬರೆಸಿದವರಲ್ಲಿ ಕೆಲವರು ಆ ಹೊತ್ತಿಗೆ ಇರಲೇ ಇಲ್ಲ. ಅಧಿಕಾರದಲ್ಲಿ ಅವರು ಇದ್ದದ್ದು ಹನ್ನೊಂದು ತಿಂಗಳಿಗೂ ಕಮ್ಮಿ. ಹಳಿ ಹಾಸಲು ಬೇಕಾದದ್ದು ಇಪ್ಪತ್ತು ವರ್ಷ. ಯಾವ ಪ್ರಧಾನಿ ಬಂದರೂ ಮೊದಲ ನೂರು ದಿನದಲ್ಲಿ ಏನು ಮಾಡಿದರು ಅಂತ ಟಿವಿಯವರು ಕೂಗಾಡುವಾಗ ನನಗೆ ಈ ರೈಲು ನೆನಪಾಗುತ್ತದೆ.

ಹಿರಿಯರ ಮಾತೂ ನಿಜವಾಯಿತು. 1997ರ ಮಾರ್ಚ್ 30ಕ್ಕೆ ಕಾಂಗ್ರೆಸ್ ಬೆಂಬಲ ವಾಪಸ್ ಪಡೆಯಿತು. ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಸೋತರು. 21ಕ್ಕೆ ಐ.ಕೆ. ಗುಜ್ರಾಲ್ ಪ್ರಮಾಣ ಸ್ವೀಕರಿಸಿದರು. ನಾನು ಅದನ್ನೂ ನೋಡಿದೆ. ಜಗಲಿ ಖಾಲಿ ಇತ್ತು.

ಪಕ್ಕದ ಚಿಕ್ಕಮಗಳೂರಿನ ಸ್ನೇಹಿತರು ಆಗ ನಮ್ಮನ್ನು ಸಮಾಧಾನ ಮಾಡಿದ ರೀತಿ ಚೆನ್ನಾಗಿತ್ತು. "ನಿಮ್ಮದೇನು ದೊಡ್ಡದು ಬಿಡ್ರಿ" ಅಂದರು. ಸೋತು ಕೂತಿದ್ದ ಇಂದಿರಾ ಗಾಂಧಿ ಅವರನ್ನು 1978ರ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ವಿರುದ್ಧ ಗೆಲ್ಲಿಸಿ ಲೋಕಸಭೆಗೆ ಕಳಿಸಿದ್ದು ಚಿಕ್ಕಮಗಳೂರು. ಡಿಸೆಂಬರ್‌ನಲ್ಲೇ ಲೋಕಸಭೆ ಅವರನ್ನು ಹೊರಗೆ ಹಾಕಿತು. 1980ರ ಜನವರಿಯಲ್ಲಿ ಅವರು ಮತ್ತೆ ಪ್ರಧಾನಿಯಾದಾಗ ಗೆದ್ದು ಬಂದಿದ್ದದ್ದು ರಾಯ್‌ಬರೇಲಿ, ಮೇದಕ್‌ನಿಂದ. ಕಷ್ಟಕ್ಕೆ ಆದವರು ನಾವು, ಪ್ರಮಾಣವಚನ ಮಾತ್ರ ಬೇರೆಯವರ ಲೆಕ್ಕಕ್ಕೆ ಅಂತ ಅವರ ತಕರಾರು.

ಇನ್ನು ನಮ್ಮ ವಿಷಯ. 1996ರಲ್ಲಿ ಪಟಾಕಿ ಹೊಡೆದ ಇದೇ ಹಾಸನ, 1998ರಲ್ಲಿ ಗೌಡರನ್ನು ಲೋಕಸಭೆಗೆ ಗೆಲ್ಲಿಸಿತು. 1999ರಲ್ಲಿ ಸೋಲಿಸಿತು. ಗೆದ್ದವರು ಕಾಂಗ್ರೆಸ್‌ನ ಜಿ. ಪುಟ್ಟಸ್ವಾಮಿಗೌಡರು. 2004ರಲ್ಲಿ ಮತ್ತೆ ಗೌಡರನ್ನೇ ಕಳಿಸಿತು. ಹೊರಗಿನ ಊರಿನವರು ಇದನ್ನು ಕೇಳಿ, ದೇಶ ಆಳಿದವರನ್ನೇ ಸೋಲಿಸಿದಿರಲ್ಲ, ಏನು ಜನ ನೀವು ಅಂತ ಆಶ್ಚರ್ಯಪಡುತ್ತಾರೆ. ನನಗೆ ಆಶ್ಚರ್ಯ ಆಗಿರಲಿಲ್ಲ. ಹೆಮ್ಮೆಯನ್ನು ಟಿವಿ ಮುಂದೆ ಇಟ್ಟು, ಓಟನ್ನು ಮಾತ್ರ ಮತಗಟ್ಟೆಗೆ ತೆಗೆದುಕೊಂಡು ಹೋಗುವ ಬುದ್ಧಿ ನಮ್ಮ ಕಡೆಯವರಿಗೆ ಇದೆ. ಸೋತ ರಾತ್ರಿ ಬೇಜಾರು ಮಾಡಿಕೊಂಡವರಲ್ಲಿ ಅವರಿಗೆ ಓಟು ಹಾಕದವರೂ ಇದ್ದರು, ನಾನೇ ಬಲ್ಲೆ.

ನೀವು ಯಾರಿಗೆ ಹಾಕಿದಿರಿ ಅಂತ ಮಾತ್ರ ಕೇಳಬೇಡಿ. ಪ್ರಮಾಣದ ಎರಡನೇ ಭಾಗ ಬರೀ ಮಂತ್ರಿಗಳಿಗಷ್ಟೇ ಅಲ್ಲ.

ನಮಸ್ಕಾರ.