ಹಾಲಿ, ಮಾಜಿ, ಹಂಗಾಮಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಠಾಣೆಗಳಲ್ಲಿ ಬರೆದುಕೊಡುವ ದೂರುಗಳನ್ನು ಗಮನಿಸಿ. ಹೆಸರು, ತಂದೆಯ ಹೆಸರು, ವಯಸ್ಸು ಆದಮೇಲೆ ‘ಹಾಲಿ ವಾಸ ಶ್ರೀರಾಮಪುರ, ಬೆಂಗಳೂರು, ಸ್ವಂತ ಊರು ಕುಣಿಗಲ್ ತಾಲ್ಲೂಕು’ ಎಂಬಂಥ ಸಾಲು ಬರುತ್ತದೆ. ಹಾಲಿ ಎಂದರೆ ಈಗ, ಸದ್ಯಕ್ಕೆ. ನಾಳೆ ಮನೆ ಬದಲಾಗಬಹುದು ಎನ್ನುವುದು ಆ ಪದದೊಳಗೇ ಇದೆ. ಹಾಲಿ ಶಾಸಕ, ಹಾಲಿ ಅಧ್ಯಕ್ಷ ಎನ್ನುವಾಗಲೂ ಹೇಳುತ್ತಿರುವುದು ಇದನ್ನೇ.

ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ. ಉರ್ದು ಮಾತಾಡುವವರು ‘ಕ್ಯಾ ಹಾಲ್ ಹೈ’ ಎಂದು ಕ್ಷೇಮ ವಿಚಾರಿಸುವುದು ಈ ಪದದಿಂದಲೇ. ನಾವು ಕುಡಿಯುವ ಹಾಲಿಗೂ ಇದಕ್ಕೂ ನಂಟಿಲ್ಲ. ಅದು ಹಳಗನ್ನಡದ ‘ಪಾಲ್’, ಪಕಾರ ಹಕಾರವಾಗಿ ಹಾಲಾಯಿತು. ಮಾಜಿಯ ಮೂಲವೂ ಅರಬ್ಬಿಯೇ. ಅಲ್ಲಿ ಅದರ ಅರ್ಥ ಕಳೆದುಹೋದದ್ದು. ಅರಬ್ಬಿ ವ್ಯಾಕರಣದಲ್ಲಿ ಭೂತಕಾಲಕ್ಕೂ ಅದೇ ಹೆಸರು. ಅರಬರ ದಪ್ಪ ದಕಾರ ಪಾರಸಿಯವರ ಬಾಯಲ್ಲಿ ಝಕಾರದಂತಾಗಿ, ನಮ್ಮ ನಾಲಿಗೆಗೆ ಬರುವಾಗ ಮಾಜಿ ಆಯಿತು. ಪಾರಸಿ ಆಡಳಿತಭಾಷೆಯಾಗಿದ್ದ ಕಾಲದ ತಹಶೀಲ್ದಾರ, ಶಿರಸ್ತೇದಾರ, ಜಮಾಬಂದಿಗಳ ಹಾಗೆ ಇವೂ ಕಚೇರಿಯ ಮಾತಾಗಿ ಉಳಿದುಕೊಂಡವು.

ಇಂಗ್ಲಿಷಿನವರು ಹಾಲಿ ಅಧಿಕಾರಸ್ಥನನ್ನು ‘ಇನ್‌ಕಂಬೆಂಟ್’ ಎನ್ನುತ್ತಾರೆ. ಅದರ ಲ್ಯಾಟಿನ್ ಬೇರಿಗೆ ಒರಗು, ಮೈಭಾರ ಹಾಕು ಎಂಬ ಅರ್ಥ. ಮೊದಮೊದಲು ಅದು ಚರ್ಚಿನ ಹುದ್ದೆಯನ್ನೂ ಅದರ ಉತ್ಪನ್ನವನ್ನೂ ಪಡೆದ ಪಾದ್ರಿಗೆ ಸಲ್ಲುತ್ತಿದ್ದ ಮಾತು. ಸಂಸ್ಕೃತದ ‘ಅಧಿಕಾರಸ್ಥ’ ಅಧಿಕಾರದಲ್ಲಿ ನಿಂತವನು. ಪಾರಸಿಯ ‘ದಾರ’ ಹಿಡಿದುಕೊಂಡವನು. ಹಾಲಿ ಮಾತ್ರ ಕುರ್ಚಿಯ ಮಾತೇ ಎತ್ತದೆ ಕಾಲವನ್ನು ಹೇಳುತ್ತದೆ. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಒಪ್ಪುವ ಪದ ನನಗಂತೂ ಕಂಡಿಲ್ಲ. ಆದರೆ ಕಾಲದ ಪದವಾದ್ದರಿಂದ ಬಳಸುವವರಿಗೆ ತಾರೀಖು ಗೊತ್ತಿರಬೇಕು.

ನಮ್ಮ ಊರಿನದೇ ಉದಾಹರಣೆ. ಬಿಬಿಎಂಪಿಯ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಕೈಗೆ ಪಾಲಿಕೆ ಹೋಯಿತು. ಎಲ್ಲ ವಾರ್ಡುಗಳಲ್ಲೂ ಮಾಜಿಗಳೇ ಇದ್ದರು, ಹಾಲಿ ಎನ್ನಲು ಒಬ್ಬರೂ ಇರಲಿಲ್ಲ. ಆ ದಿನಗಳಲ್ಲಿ ಆಹ್ವಾನ ಪತ್ರಿಕೆಯಲ್ಲಿ ಅಭ್ಯಾಸಬಲದಿಂದ ‘ಪಾಲಿಕೆ ಸದಸ್ಯರು’ ಎಂದಷ್ಟೇ ಅಚ್ಚು ಹಾಕಿಸಿದರೂ ಅದು ತಪ್ಪೇ.

ವಿಧಾನಸೌಧದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ವಿಧಾನಸಭೆ ವಿಸರ್ಜನೆಯಾದ ಗಳಿಗೆಗೆ 224 ಕ್ಷೇತ್ರಗಳ ಶಾಸಕರೂ ಮಾಜಿಗಳಾಗುತ್ತಾರೆ. ಸ್ಪೀಕರ್ ಮಾತ್ರ ಆಗುವುದಿಲ್ಲ! ಸಂವಿಧಾನದ 179ನೇ ವಿಧಿಯ ಪ್ರಕಾರ ಹೊಸ ಸಭೆಯ ಮೊದಲ ಬೈಠಕ್ಕಿಗೆ ತುಸು ಮುಂಚಿನವರೆಗೂ ಅವರು ಆ ಸ್ಥಾನದಲ್ಲಿರುತ್ತಾರೆ. ಅಂದರೆ ಒಬ್ಬರೇ ವ್ಯಕ್ತಿ ಏಕಕಾಲಕ್ಕೆ ಮಾಜಿ ಶಾಸಕ, ಹಾಲಿ ಸ್ಪೀಕರ್. ಅವರು ತೆರವು ಮಾಡಿದ ಮೇಲೆ ರಾಜ್ಯಪಾಲರು ನೇಮಿಸಿದ ಹಂಗಾಮಿ ಸ್ಪೀಕರ್ ಬಂದು ಹೊಸಬರಿಗೆ ಪ್ರಮಾಣವಚನ ಬೋಧಿಸುತ್ತಾರೆ. ಹಂಗಾಮಿ ಪಾರಸಿಯ ‘ಹಂಗಾಮ್’ನಿಂದ ಬಂದದ್ದು, ಸಮಯ, ಋತು ಎಂದರ್ಥ. ರೈತರು ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎನ್ನುವುದು ಇದೇ ಪದವನ್ನು. ಇದನ್ನು ‘ಪ್ರಭಾರ’ದ ಜೊತೆ ಬೆರೆಸಬಾರದು. ಸರ್ಕಾರಿ ಕಚೇರಿಯಲ್ಲಿ ತನ್ನ ಹುದ್ದೆ ಉಳಿಸಿಕೊಂಡೇ ಇನ್ನೊಂದು ಹುದ್ದೆಯ ಹೊಣೆ ಹೊತ್ತರೆ ಅದು ಹೆಚ್ಚುವರಿ ಪ್ರಭಾರ. ಆದೇಶದಲ್ಲೂ ಹಾಗೆಯೇ ಇರುತ್ತದೆ.

ಹಿಂದಿನವರೆಲ್ಲರಿಗೂ ಮಾಜಿ ಹೊಂದುವುದಿಲ್ಲ. ವಯೋಮಿತಿ ಮುಗಿಸಿದ ನ್ಯಾಯಮೂರ್ತಿ ನಿವೃತ್ತ, ಕುಲಪತಿ ವಿಶ್ರಾಂತ. ಸೈನಿಕ ಮಾತ್ರ ಮಾಜಿ ಸೈನಿಕನೇ.

ನನಗೆ ಬಹಳ ಕಸಿವಿಸಿಯಾಗುವುದು ‘ಆಂಟಿ ಇನ್‌ಕಂಬೆನ್ಸಿ’ಗೆ ಕಣ್ಣುಮುಚ್ಚಿ ‘ಆಡಳಿತ ವಿರೋಧಿ ಅಲೆ’ ಎಂದು ಬರೆಯುವಾಗ. ಇಡೀ ಸರ್ಕಾರದ ಮೇಲೆ ಜನ ಮುನಿದಿದ್ದರೆ ಆ ಮಾತು ಸರಿ. ಆದರೆ ಹಾಲಿ ಶಾಸಕ ವಿರೋಧ ಪಕ್ಷದವರಾಗಿದ್ದು, ರಸ್ತೆ, ನೀರು, ಕಸದ ವಿಚಾರದಲ್ಲಿ ಅವರ ಮೇಲೇ ಮತದಾರರಿಗೆ ಬೇಸರವಿದ್ದರೆ? ಆಗ ಅವರ ಸೋಲಿಗೆ ಆಡಳಿತ ವಿರೋಧಿ ಅಲೆ ಕಾರಣ ಎಂದು ಬರೆದರೆ ಅರ್ಥವೇ ತಿರುಗುಮುರುಗು. ಅಲ್ಲಿ ‘ಹಾಲಿ ಶಾಸಕರ ಮೇಲಿನ ಅಸಮಾಧಾನ’ ಎಂದೇ ಬಿಡಿಸಿ ಬರೆಯಬೇಕು. ಎರಡು ಪದ ಹೆಚ್ಚಾದೀತು, ಆಗಲಿ.

ನಮಸ್ಕಾರ.